ಬೀದಿದೀಪದ ಸಂಪಾದಕೀಯ

ಅವಳಿಗೆ ಹೌದಮ್ಮ ಎಂಬ ಹೆಸರಿಟ್ಟವಳು ನಾದಿನಿ. ಮದುವೆಯಾಗಿ ಬಂದ ಹೊಸತರಲ್ಲಿ ಯಾರು ಏನು ಹೇಳಿದರೂ ಕಣ್ಣರಳಿಸಿ "ಹೌದಾ?" ಎನ್ನುತ್ತಿದ್ದಳು. ತರಕಾರಿ ಹಸಿಯಾಗಿ ತಿಂದರೆ ಒಳ್ಳೆಯದು ಎಂದು ಒಬ್ಬರು ಹೇಳಿದರೆ ಆ ದಿನ ಹಸಿಯಾಗಿ ಬಡಿಸುವಳು. ಬೇಯಿಸದಿದ್ದರೆ ಹೊಟ್ಟೆ ಕೆಡುತ್ತದೆ ಎಂದು ಇನ್ನೊಬ್ಬರು ಹೇಳಿದರೆ ಮಾರನೆಯ ದಿನ ಮೆತ್ತಗೆ ಬೇಯಿಸಿಬಿಡುವಳು. ಇದನ್ನು ಪೆದ್ದುತನ ಎನ್ನುವಂತಿರಲಿಲ್ಲ. ಎದುರಿಗಿರುವವರು ಇಷ್ಟು ಖಚಿತವಾಗಿ ಹೇಳುತ್ತಿರುವಾಗ ಅದರಲ್ಲಿ ಏನಾದರೂ ನಿಜ ಇದ್ದೀತು ಎಂದು ಅವಳಿಗೆ ಅನ್ನಿಸುತ್ತಿತ್ತು, ಅಷ್ಟೇ. ನಾದಿನಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಹೆಸರು ಇಲ್ಲೇ ಉಳಿಯಿತು.

ಬೆಳಗಿನ ಹೊತ್ತು ಹೌದಮ್ಮ ಒಂದು ಪರದೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು, ಬಟ್ಟೆ ಕತ್ತರಿಸುವುದು, ಮಡಿಕೆ ಹಿಡಿದು ಹೊಲಿಯುವುದು, ಇವಿಷ್ಟೂ ಅವಳ ಪಾಲಿನವು. ಗಂಡ ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಮನೆಯಲ್ಲಿ ಮೂರನೆಯವರೆಂದರೆ ಮಾವ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ಊರಿನ ವಾರಪತ್ರಿಕೆಗೆ ಸಂಪಾದಕೀಯ ಬರೆಯುತ್ತಿದ್ದರು. ಸಂಪಾದಕರು ಬೇರೆಯೇ ಇದ್ದರು. ಅವರು ಜಾಹೀರಾತು ತರುವುದರಲ್ಲಿ ಎತ್ತಿದ ಕೈ, ಆದರೆ ಪೆನ್ನು ಹಿಡಿದರೆ ಬೆವರುತ್ತಿದ್ದರು. ಹಾಗಾಗಿ ಮಾವ ಬರೆಯುತ್ತಿದ್ದರು, ಹೆಸರು ಹಾಕುತ್ತಿರಲಿಲ್ಲ, ಊರು ಓದುತ್ತಿತ್ತು.

ಅವರ ಕಣ್ಣು ಕೈಕೊಟ್ಟದ್ದು ನಿಧಾನವಾಗಿ. ನೋಟದ ನಟ್ಟನಡುವೆ ಒಂದು ಮಬ್ಬು ಬಂದು ಕೂತಿತು. ಎದುರಿಗೆ ಬಂದವರ ಕಿವಿ, ಹೆಗಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಇದಕ್ಕೆ ಯಾವ ಕನ್ನಡಕವೂ ಇಲ್ಲ ಎಂದು ವೈದ್ಯರು ಹೇಳಿ ಕೈತೊಳೆದುಕೊಂಡರು. ಮಾವ ಅದರ ಬಗ್ಗೆ ಮನೆಯಲ್ಲಿ ಜಾಸ್ತಿ ಮಾತಾಡಲಿಲ್ಲ. ಮಧ್ಯಾಹ್ನ ಅಂಗಡಿಯಿಂದ ಬಂದ ಸೊಸೆಯನ್ನು ಕರೆದು, "ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೋತೀಯಾ ಅಮ್ಮಾ?" ಎಂದರು. ಅವಳು ಬರೆದುಕೊಂಡಳು. ಒತ್ತಕ್ಷರ ತಪ್ಪಿದರೆ ಸಂಪಾದಕರು ತಿದ್ದಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಬೀದಿದೀಪದ ವಿಷಯ ಬಂತು. ಹಳದಿ ದೀಪಗಳನ್ನೆಲ್ಲ ತೆಗೆದು ಬಿಳಿ ದೀಪ ಹಾಕುವುದಾಗಿ ನಗರಸಭೆ ಸಾರಿತ್ತು. ಕೆಲವು ಬೀದಿಗಳಲ್ಲಿ ಆಗಲೇ ಹಾಕಿಯೂ ಆಗಿತ್ತು. ಪರವಾಗಿ ಕೆಲವರು, ವಿರೋಧವಾಗಿ ಕೆಲವರು, ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು.

"ನಮ್ಮ ಅಭಿಪ್ರಾಯ ಸ್ಪಷ್ಟ," ಎಂದರು ಮಾವ. "ಬಿಳಿ ದೀಪ ಬೇಕೇ ಬೇಕು. ಅಪಘಾತ ಕಡಿಮೆ ಆಗುತ್ತೆ, ಕಳ್ಳತನ ಕಡಿಮೆ ಆಗುತ್ತೆ. ಆದ್ರೆ ಬರೀ ಬಾಯಿಮಾತು ಸಾಲದು. ನೀನು ಆಧಾರ ಹುಡುಕ್ಕೊಂಡು ಬಾ."

"ಯಾವುದಕ್ಕೆ ಮಾವ?"

"ಇದಕ್ಕೇ. ಈಗ ಹೇಳಿದ್ನಲ್ಲ."

ಪರದೆ ಅಂಗಡಿಯಲ್ಲಿ ಕಿಟಕಿ ಅಳೆದ ಮೇಲೆ ಬಟ್ಟೆ ಕತ್ತರಿಸುವುದು ವಾಡಿಕೆ. ಪತ್ರಿಕೆಯವರ ಕ್ರಮ ಬೇರೆ ಇದ್ದೀತು ಎಂದುಕೊಂಡು ಹೌದಮ್ಮ ಫೋನು ಹಿಡಿದು ಕೂತಳು.

"ಬಿಳಿ ಬೀದಿದೀಪದ ಲಾಭಗಳು" ಎಂದು ಒತ್ತಿದಳು. ಲಾಭಗಳು ಧಾರಾಳವಾಗಿ ಸುರಿದವು. ರಾತ್ರಿ ಸುರಕ್ಷತಾ ಅಧ್ಯಯನ ಕೇಂದ್ರ ಎಂಬ ಒಂದು ತಾಣದಲ್ಲಿ ಅಂಕಿಗಳು, ನಕ್ಷೆಗಳು, ನಗುತ್ತಿರುವ ಮಕ್ಕಳ ಚಿತ್ರ. ಹೌದಾ ಎಂದುಕೊಂಡಳು. ಇನ್ನೇನು ಫೋನು ಕೆಳಗಿಡಬೇಕು, ಸುಮ್ಮನೆ ಇರಲಿ ಎಂದು "ಬಿಳಿ ಬೀದಿದೀಪದ ಹಾನಿಗಳು" ಎಂದು ಒತ್ತಿದಳು. ಹಾನಿಗಳೂ ಅಷ್ಟೇ ಧಾರಾಳವಾಗಿ ಸುರಿದವು. ನಿದ್ರೆ ಕೆಡುತ್ತದೆ, ಹುಳುಹುಪ್ಪಟೆ ಸಾಯುತ್ತವೆ, ಕಣ್ಣಿಗೆ ಚುಚ್ಚುತ್ತದೆ. ಅದನ್ನು ಬರೆದವನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ಅವಳು ಮತ್ತೊಮ್ಮೆ ಹೌದಾ ಎಂದುಕೊಂಡಳು. ಆದರೆ ಅದೇ ತಾಣದ ಇನ್ನೊಂದು ಪುಟದಲ್ಲಿ, ಫ್ರಿಜ್ಜಿನ ಪಕ್ಕ ಮಲಗಿದರೆ ಜ್ಞಾಪಕಶಕ್ತಿ ಹೋಗುತ್ತದೆ ಎಂದೂ ಆತ ಅಷ್ಟೇ ಚೆನ್ನಾಗಿ ಬರೆದಿದ್ದ. ಹೌದಮ್ಮನಿಗೆ ತಲೆ ಗಿರ್ರೆಂದಿತು. ತಾನು ಯಾವ ಕಡೆಯಿಂದ ಕೇಳಿದರೆ ಆ ಕಡೆಯಿಂದಲೇ ಉತ್ತರ ಕೊಡುವ ಈ ಯಂತ್ರ ತನಗಿಂತ ದೊಡ್ಡ ಹೌದಮ್ಮ ಎಂದು ಅವಳಿಗೆ ಅನ್ನಿಸಿತು.

"ಗ್ರಂಥಾಲಯಕ್ಕೆ ಹೋಗು," ಎಂದ ಗಂಡ, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಅಲ್ಲಿ ಪುಸ್ತಕದಲ್ಲಿ ಇರೋದು ಸರಿಯಾಗಿರುತ್ತೆ."

"ಯಾಕ್ರೀ ಸರಿಯಾಗಿರುತ್ತೆ?"

"ದಪ್ಪ ಇರುತ್ತಲ್ಲೇ."

ಗ್ರಂಥಾಲಯ ಹಳೆಯ ಅಂಚೆ ಕಚೇರಿಯ ಮಹಡಿಯಲ್ಲಿತ್ತು. ಗ್ರಂಥಪಾಲಕರು ನೀರು ಸರಬರಾಜು ವಿಭಾಗದಿಂದ ಹೊಸದಾಗಿ ವರ್ಗವಾಗಿ ಬಂದವರು. ಪುಸ್ತಕಗಳ ನಡುವೆ ಇನ್ನೂ ದಾರಿ ತಪ್ಪುತ್ತಿದ್ದರು, ಅದನ್ನು ಮುಚ್ಚಿಡುವ ಗೋಜಿಗೆ ಹೋಗುತ್ತಿರಲಿಲ್ಲ.

"ದೀಪ ಅಂದ್ರೆ ಎಲ್ಲಿಡ್ತಾರೋ ನೋಡ್ಬೇಕು ಮೇಡಂ," ಎಂದು ಕಂಪ್ಯೂಟರಿನಲ್ಲಿ ದೀಪ ಎಂದು ಒತ್ತಿದರು. ಕವನ ಸಂಕಲನಗಳು ಬಂದವು. ಒಂದೆರಡಲ್ಲ, ರಾಶಿ. ಬೀದಿದೀಪ ಎಂದು ಒತ್ತಿದರು. ಒಂದೂ ಬರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಹೌದಮ್ಮ, "ರಸ್ತೆ ಬೆಳಕು ಅಂತ ನೋಡಿ ಸರ್," ಎಂದಾಗ ಒಂದಿಷ್ಟು ಸಿಕ್ಕವು. ಅವೂ ಒಂದೇ ಕಡೆ ಇರಲಿಲ್ಲ. ವಿದ್ಯುತ್ತಿನ ಕಪಾಟಿನಲ್ಲಿ ಕೆಲವು, ಆರೋಗ್ಯದ ಕಪಾಟಿನಲ್ಲಿ ಕೆಲವು, ಕೀಟಗಳ ಕಪಾಟಿನಲ್ಲಿ ಒಂದು. ಮುಕ್ಕಾಲು ಪಾಲು ಪುಸ್ತಕಗಳು ಬಿಳಿ ದೀಪ ಹುಟ್ಟುವ ಮೊದಲೇ ಅಚ್ಚಾಗಿದ್ದವು. ದಪ್ಪವೇನೋ ಇದ್ದವು.

"ಇನ್ನೊಂದು ದಾರಿ ಇದೆ ಅಂತ ಹೇಳ್ಕೊಟ್ಟಿದ್ರು," ಎಂದು ಗ್ರಂಥಪಾಲಕರು ಕಂಪ್ಯೂಟರಿನಲ್ಲಿ ಬೇರೊಂದು ಪುಟ ತೆರೆದರು. ಗ್ರಂಥಾಲಯ ಚಂದಾ ಕಟ್ಟಿ ತರಿಸುವ ಸಂಶೋಧನಾ ಪತ್ರಿಕೆಗಳು ಅಲ್ಲಿದ್ದವು. ಫೋನಿನಲ್ಲಿ ನಾಲ್ಕು ಸಾಲು ತೋರಿಸಿ, ದುಡ್ಡು ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದ ಲೇಖನಗಳು ಇಲ್ಲಿ ಪೂರ್ತಿ ತೆರೆದುಕೊಂಡವು. ಹೌದಮ್ಮನಿಗೆ ಖುಷಿಯಾಯಿತು. ಓದತೊಡಗಿದ ಮೇಲೆ ಆ ಖುಷಿ ಇಳಿಯಿತು.

ಒಂದು ನಗರದಲ್ಲಿ ದೀಪ ಬದಲಿಸಿದ ಮೇಲೆ ಅಪಘಾತ ಕಡಿಮೆಯಾಗಿತ್ತು. ಮಾವ ಹೇಳಿದ್ದು ಸರಿ ಎಂದು ಅವಳು ಬರೆದುಕೊಳ್ಳುವಷ್ಟರಲ್ಲಿ ಗ್ರಂಥಪಾಲಕರು ಇನ್ನೂ ಕೆಳಗೆ ಓದಿ ತಲೆ ಕೆರೆದುಕೊಂಡರು.

"ಮೇಡಂ, ಇವರು ಅದೇ ಸಮಯಕ್ಕೆ ಕೆಟ್ಟುಹೋದ ದೀಪಗಳನ್ನೂ ಸರಿ ಮಾಡ್ಸಿದಾರೆ. ಕಂಬಗಳನ್ನೂ ಹತ್ತಿರ ಹತ್ತಿರ ನೆಟ್ಟಿದಾರೆ."

"ಅಂದ್ರೆ ಬಿಳಿ ಆಗಿದ್ದಕ್ಕೆ ಕಡಿಮೆ ಆಯ್ತೋ, ಉರಿದಿದ್ದಕ್ಕೆ ಕಡಿಮೆ ಆಯ್ತೋ?"

"ಅದನ್ನ ಇವರೂ ಹೇಳಿಲ್ಲ."

ಕಳ್ಳತನದ ಬಗ್ಗೆ ಬರೆದವರು ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಎಂದಿದ್ದರು. ನಿದ್ರೆಯ ಬಗ್ಗೆ ಬರೆದವರು ತೊಂದರೆ ಇದೆ, ಆದರೆ ಎಷ್ಟು ಎಂದು ಹೇಳಲಾಗದು ಎಂದಿದ್ದರು. ಇನ್ನೊಂದು ಲೇಖನ, ವಯಸ್ಸಾದವರಿಗೆ, ನೋಟ ಕುಂದಿದವರಿಗೆ ಪ್ರಖರವಾದ ಬಿಳಿ ಬೆಳಕಿನಲ್ಲಿ ರಸ್ತೆಯ ಅಂಚು, ಮೆಟ್ಟಿಲು ಚೆನ್ನಾಗಿ ಕಾಣುತ್ತದೆ ಎಂದಿತ್ತು. ಅವಳು ಎಲ್ಲವನ್ನೂ ಹಾಳೆಗಳಲ್ಲಿ ಬರೆದುಕೊಂಡಳು. ಮರೆಯುವ ಮೊದಲು, ಫೋನಿನಲ್ಲಿ ನೋಡಿದ್ದ ರಾತ್ರಿ ಸುರಕ್ಷತಾ ಅಧ್ಯಯನ ಕೇಂದ್ರದ ತಾಣವನ್ನೂ ಅಲ್ಲಿ ತೆರೆದು ಕೊನೆಯವರೆಗೆ ಎಳೆದು ನೋಡಿದಳು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ದೀಪದ ಕಾರ್ಖಾನೆಯ ಹೆಸರಿತ್ತು.

"ದೀಪ ಮಾರೋರೇ ಅಧ್ಯಯನ ಮಾಡಿದಾರೆ ಸರ್. ಸುಳ್ಳು ಅಂತೀರಾ?"

"ಸುಳ್ಳು ಅಂತ ಹೆಂಗೆ ಹೇಳೋದು ಮೇಡಂ? ನಿಜಾನೂ ಇರ್ಬಹುದು. ಆದ್ರೆ ಅವರ ಅಂಕಿ ಎಲ್ಲಿಂದ ಬಂತು ಅಂತ ಎಲ್ಲೂ ಬರೆದಿಲ್ಲವಲ್ಲ."

ಮಾರನೆಯ ದಿನ ಅಂಗಡಿಯಲ್ಲಿ ಹೊಸ ಗೊಂದಲ ಕಾದಿತ್ತು. ಬಿಳಿ ದೀಪ ಬಂದ ಬೀದಿಗಳಿಂದ ಗಿರಾಕಿಗಳು ಬೆಳಕು ತೂರದ ದಪ್ಪ ಬಟ್ಟೆ ಕೇಳಿಕೊಂಡು ಬರುತ್ತಿದ್ದರು. ಅಂಗಡಿ ಯಜಮಾನರ ಮುಖ ಊರಗಲವಾಗಿತ್ತು. "ಊರಿಗೆಲ್ಲ ಬೇಗ ಹಾಕಿಬಿಡಲಿ," ಎನ್ನುತ್ತಿದ್ದರು. ಅವಳು ಅಳತೆ ತೆಗೆಯಲು ಹೋದ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ದೀಪದ ಕಂಬ ಸರಿಯಾಗಿ ಅವಳ ಮಲಗುವ ಕೋಣೆಯ ಎದುರಿಗೇ ಇತ್ತು. "ಕಣ್ಣು ಮುಚ್ಚಿದ್ರೂ ಬೆಳಕು ಒಳಗೆ ಬಂದು ಕೂರುತ್ತೆ ಕಣ್ರೀ," ಎಂದಳು. ಅವಳ ಕಣ್ಣುಗಳು ಊದಿದ್ದವು. ಟೇಪು ಹಿಡಿದು ನಿಂತ ಹೌದಮ್ಮನಿಗೆ, ಬಿಳಿ ದೀಪ ಬಂದರೆ ತನ್ನ ಅಂಗಡಿಗೆ ಒಳ್ಳೆಯದು, ಈ ಹೆಂಗಸಿಗೆ ಕೆಟ್ಟದ್ದು ಎಂಬುದು ಹೊಳೆದು ಮುಜುಗರವಾಯಿತು. ಆ ಮುಜುಗರದಲ್ಲೇ ಅವಳ ಮನಸ್ಸು ನರ್ಸಮ್ಮನ ಕಡೆಗೆ ವಾಲಿತು.

ಅಂದು ಸಂಜೆ ಮಾವನಿಗೆ ಹಾಳೆಗಳನ್ನು ಓದಿ ಹೇಳಿದಳು. ಅಪಘಾತದ್ದು ಓದಿದಳು, ಕಳ್ಳತನದ್ದು ಓದಿದಳು, ನಿದ್ರೆಯದ್ದನ್ನು ಸ್ವಲ್ಪ ಒತ್ತಿಯೇ ಓದಿದಳು. ವಯಸ್ಸಾದವರ ಕಣ್ಣಿನ ಹಾಳೆ ಕೊನೆಯಲ್ಲಿತ್ತು. ಮಾವ ದಣಿದಂತೆ ಕಂಡರು. ಅದನ್ನು ಓದದೆ ಮಡಿಚಿಟ್ಟಳು.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಇಷ್ಟೇನಾ ಸಿಕ್ಕಿದ್ದು?"

"ಇಷ್ಟೇ ಮಾವ."

"ಸರಿ. ಹಾಗಾದ್ರೆ ಬೇಡ ಅಂತಾನೇ ಬರಿ. ಆಧಾರ ಇಲ್ಲದೆ ಬೇಕು ಅನ್ನೋಕೆ ಆಗಲ್ಲ." ಅವರು ಹೇಳುತ್ತ ಹೋದರು, ಅವಳು ಬರೆದುಕೊಂಡಳು. ಮಾತುಗಳು ಸರಿಯಾಗಿಯೇ ಇದ್ದವು, ಆದರೆ ಅವರ ದನಿಯಲ್ಲಿ ಎಂದಿನ ಕಸುವು ಇರಲಿಲ್ಲ. ಬರೆಸಿ ಮುಗಿದ ಮೇಲೆ ಗೋಡೆ ಸವರಿಕೊಂಡು ಒಳಗೆ ಹೋದರು.

ಮರುದಿನ ಹೌದಮ್ಮ ಅಂಗಡಿಯಲ್ಲಿ ಒಂದು ಪರದೆಯನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟಳು. ಯಜಮಾನರು ಬೈದರು. ಬೈಗುಳ ಅವಳ ಕಿವಿಗೇ ಬೀಳಲಿಲ್ಲ. ಒಂದು ಹಾಳೆ ಬಿಟ್ಟರೆ ಏನಾಯಿತು, ಬೇರೆಯವರೂ ಬಿಟ್ಟಿರುತ್ತಾರೆ ಎಂದು ಒಮ್ಮೆ, ದೀಪದ ಕಾರ್ಖಾನೆಯವರೂ ಇದನ್ನೇ ತಾನೆ ಮಾಡಿದ್ದು ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು. ಮಧ್ಯಾಹ್ನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಮಾವ, ಇನ್ನೊಂದು ಹಾಳೆ ಇತ್ತು," ಎಂದು ಅದನ್ನು ಓದಿದಳು.

ಮಾವ ಕುರ್ಚಿಯ ಕೈಯನ್ನು ಹಿಡಿದುಕೊಂಡರು. "ನಿನ್ನೆ ಯಾಕೆ ಓದ್ಲಿಲ್ಲ?"

"ಆ ನರ್ಸಮ್ಮನ್ನ ನೋಡಿ ಪಾಪ ಅನ್ನಿಸ್ತು. ನೀವು ಬೇಡ ಅಂತ ಬರೀಲಿ ಅಂತ."

"ನನ್ನ ಮುಂದೇನೇ ಪರದೆ ಎಳೆದ್ಯಲ್ಲ ಅಮ್ಮಾ." ಅವರ ದನಿ ಏರಲಿಲ್ಲ, ಅದೇ ಅವಳಿಗೆ ಚುಚ್ಚಿತು. "ಹೊಸ ದೀಪ ಹಾಕಿದಾರಲ್ಲ, ಪತ್ರಿಕೆ ಆಫೀಸಿನ ಬೀದಿ, ಅಲ್ಲಿ ಮಾತ್ರ ನಂಗೆ ಫುಟ್‌ಪಾತಿನ ಅಂಚು ಕಾಣುತ್ತೆ. ಬಾಕಿ ಬೀದಿಗಳಲ್ಲಿ ಕತ್ತಲಾದ್ಮೇಲೆ ಕಾಲಿಂದ ಹುಡುಕ್ತಾ ನಡೀತೀನಿ."

ಹೌದಮ್ಮ ಅವರನ್ನೇ ನೋಡಿದಳು. "ಅದಕ್ಕೇ ಬಿಳಿ ದೀಪ ಬೇಕೇ ಬೇಕು ಅಂದ್ರಾ? ಅಪಘಾತ, ಕಳ್ಳತನ ಅಂದ್ರಲ್ಲ."

"ನನ್ನ ಕಣ್ಣಿಗೋಸ್ಕರ ಅಂತ ಸಂಪಾದಕೀಯ ಬರೆಯೋಕಾಗುತ್ತಾ?"

"ಹಾಗಾದ್ರೆ ನೀವೂ ನಂಗೊಂದು ಹಾಳೆ ಓದಿರಲಿಲ್ಲ ಮಾವ."

ಅವಳು ಹೋಗಿ ಚಹಾ ಮಾಡಿಕೊಂಡು ಬಂದಳು. ಅರ್ಧ ಲೋಟ ಕುಡಿದ ಮೇಲೆ ಮಾವ, "ಈಗ ಏನು ಬರೆಯೋಣ?" ಎಂದರು. ಅಷ್ಟು ವರ್ಷಗಳಲ್ಲಿ ಅವರು ಯಾರನ್ನೂ ಹಾಗೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

"ನಂಗೆ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದರು.

ಹಳೆಯದನ್ನು ಹರಿದು ಹೊಸದಾಗಿ ಬರೆದರು. ಕೂಡುರಸ್ತೆಗಳಲ್ಲಿ, ಮೆಟ್ಟಿಲುಗಳಿರುವಲ್ಲಿ ಬಿಳಿ ದೀಪ ಇರಲಿ; ಜನ ಮಲಗುವ ಕಿಟಕಿಗಳ ಎದುರು ದೀಪಕ್ಕೆ ಮರೆ ಹಾಕಿ, ಬೆಳಕು ತಗ್ಗಿಸಿ; ಈಗಾಗಲೇ ಬದಲಿಸಿದ ಬೀದಿಗಳಲ್ಲಿ ಮೊದಲು ಎಷ್ಟು ಅಪಘಾತ ಆಗುತ್ತಿತ್ತು, ಈಗ ಎಷ್ಟು ಎಂಬುದನ್ನು ನಗರಸಭೆ ಜನರ ಮುಂದಿಡಲಿ. ಯಾವ ಮಾತು ಯಾವ ಅಧ್ಯಯನದಿಂದ ಬಂತೆಂದು ಹೌದಮ್ಮ ಕೊನೆಯಲ್ಲಿ ಸೇರಿಸಿದಳು. ಯಾವುದು ಯಾರಿಗೂ ಗೊತ್ತಿಲ್ಲವೋ ಅದನ್ನೂ ಬರೆದಳು.

ಸಂಪಾದಕರು ಓದಿ ಮೂಗು ಮುರಿದರು. "ಬೇಕು ಅಂತೀರೋ ಬೇಡ ಅಂತೀರೋ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲ ಮೇಷ್ಟ್ರೇ."

"ದೀಪದ ವಿಷಯ ತಾನೆ," ಎಂದರು ಮಾವ. "ಎಲ್ಲಾದ್ರೂ ಇಡಬೇಕಲ್ಲ."

ಪತ್ರಿಕೆ ಬಂದಾಗ ಕೊನೆಯ ಭಾಗ ಮಾಯವಾಗಿತ್ತು. ಅಧ್ಯಯನಗಳ ಹೆಸರಿದ್ದ ಜಾಗದಲ್ಲಿ ಹಾಸಿಗೆ ಮಾರುವವರ ಜಾಹೀರಾತು ಕೂತಿತ್ತು. ಬಿಳಿ ದೀಪವನ್ನು ಬೆಂಬಲಿಸಿದ್ದಕ್ಕೆ ಅಭಿನಂದನೆ ಎಂದು ಒಂದು ಪತ್ರ ಬಂತು. ಬಿಳಿ ದೀಪವನ್ನು ಖಂಡಿಸಿದ್ದಕ್ಕೆ ಅಭಿನಂದನೆ ಎಂದು ಇನ್ನೊಂದು. ಮುಂದೆ ನಗರಸಭೆ ಎಲ್ಲ ಬೀದಿಗಳಿಗೂ ಬಿಳಿ ದೀಪವನ್ನೇ ಹಾಕಿತು, ಒಂದಿಷ್ಟು ಓಣಿಗಳಲ್ಲಿ ಮಾತ್ರ ತಗಡಿನ ಮರೆ ಕಟ್ಟಿತು. ಅದು ಸಂಪಾದಕೀಯ ಓದಿ ಕಟ್ಟಿದ್ದೋ, ಗುತ್ತಿಗೆದಾರರ ಬಳಿ ತಗಡು ಉಳಿದಿತ್ತೋ, ಹೌದಮ್ಮ ವಿಚಾರಿಸಿ ನೋಡಿದಳು. ಗುತ್ತಿಗೆದಾರ ಒಂದು ಹೇಳಿದ, ನಗರಸಭೆಯ ಗುಮಾಸ್ತ ಇನ್ನೊಂದು ಹೇಳಿದ. ನರ್ಸಮ್ಮನ ಓಣಿಗೆ ಮರೆ ಬರಲಿಲ್ಲ.

ಅಂಗಡಿಗೆ ರಜೆ ಇದ್ದ ದಿನಗಳಲ್ಲಿ ಅವಳು ಗ್ರಂಥಾಲಯಕ್ಕೆ ಹೋಗುವುದು ರೂಢಿಯಾಯಿತು. "ಇಷ್ಟೆಲ್ಲ ಓದಿದ್ಮೇಲೂ ಗೊಂದಲ ಕಡಿಮೆ ಆಗ್ತಿಲ್ಲವಲ್ಲ ಸರ್," ಎಂದು ಒಮ್ಮೆ ಗ್ರಂಥಪಾಲಕರನ್ನು ಕೇಳಿದಳು.

"ನಂಗೂ ಅದೇ ಆಗಿದೆ ಮೇಡಂ. ನೀರಿನ ವಿಭಾಗದಲ್ಲಿ ಸೋರೋ ಜಾಗ ಸಿಕ್ಕಿದ್ರೆ ಕೆಲಸ ಮುಗೀತಿತ್ತು," ಎಂದು ಅವರು ನಿಟ್ಟುಸಿರು ಬಿಟ್ಟರು.

ಮುಂದೊಂದು ಮಧ್ಯಾಹ್ನ ಮಾವ, ಶಾಲಾಮಕ್ಕಳ ಚೀಲದ ಭಾರದ ಬಗ್ಗೆ ಬರೆಯಬೇಕು ಎಂದರು. ಎಂದಿನಂತೆ ಗಂಟಲು ಸರಿಮಾಡಿಕೊಂಡು, "ನಮ್ಮ ಅಭಿಪ್ರಾಯ..." ಎಂದು ಶುರುಮಾಡಿದರು.

"ಅದನ್ನ ಈಗಲೇ ಹೇಳ್ಬೇಡಿ ಮಾವ," ಎಂದು ಹೌದಮ್ಮ ಕೈಚೀಲ ಹೆಗಲಿಗೇರಿಸಿದಳು. "ನಾನು ಹೋಗಿ ಬಂದ್ಮೇಲೆ ಹೇಳಿ."

ಮಾವ ಬಾಯಿ ಮುಚ್ಚಿಕೊಂಡರು. ಬಹಳ ಕಷ್ಟಪಟ್ಟು ಮುಚ್ಚಿಕೊಂಡಂತೆ ಕಂಡಿತು. ಅವಳು ಮೆಟ್ಟಿಲಿಳಿದು ಬೀದಿಗೆ ಬಂದಳು. ಚೀಲ ಎಂದು ಹುಡುಕುವುದೋ, ಬೆನ್ನುನೋವು ಎಂದು ಹುಡುಕುವುದೋ ಎಂದು ಯೋಚಿಸುತ್ತಾ ಹಳೆಯ ಅಂಚೆ ಕಚೇರಿಯ ಕಡೆಗೆ ನಡೆದಳು.