ಪೀಕಿನ ಕೆಳಗಿನ ಬೂದು ಬಟ್ಟೆ

ಸ್ವೀಡನ್ನಿಗೆ ಬಂದ ಎರಡನೇ ವಾರ ಕಿಸ್ಟಾ ಬಡಾವಣೆಯ ಅಂಗಡಿಯೊಂದರಲ್ಲಿ ಸೆಕ್ಯೂರಿಟಿಯವನು ನನ್ನ ಬೆನ್ನ ಹಿಂದೆ ಬಂದು ನಿಂತ. ನಾನೇನೂ ಕದ್ದಿರಲಿಲ್ಲ. ಒಂದಾದ ಮೇಲೊಂದರಂತೆ ಏಳು ಬೇಸ್‌ಬಾಲ್ ಟೋಪಿಗಳನ್ನು ತಿರುವಿ, ಒಳಗಿನ ಹೊಲಿಗೆ ಜಗ್ಗಿ ನೋಡಿ ವಾಪಸ್ ಇಟ್ಟಿದ್ದೆ, ಅಷ್ಟೇ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೋಪಿ ಚೆಕ್ ಮಾಡಿದವಳಿಗೆ ಬೇರೆ ರೀತಿ ನೋಡಲು ಬರುವುದಿಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಟೋಪಿ ಬಿಟ್ಟು ಹೊರಗೆ ಬಂದೆ.

ಗಂಡನಿಗೆ ಟೆಲಿಕಾಂ ಆಫೀಸಿತ್ತು, ಮಗಳು ನಿಧಿಗೆ ಶಾಲೆ. ನನ್ನ ಕೈಗೆ ಮಾತ್ರ ಕೆಲಸವಿರಲಿಲ್ಲ. ಮನೆಯೂ ಒಂದು ಕಡೆ ನಿಲ್ಲಲಿಲ್ಲ. ನಮ್ಮಂಥವರಿಗೆ ಇಲ್ಲಿ ಸಿಗುವುದು 'ಆಂದ್ರಾ ಹಾಂಡ್', ಅಂದರೆ ಬಾಡಿಗೆದಾರರು ಸ್ವಲ್ಪ ಕಾಲಕ್ಕೆಂದು ಇನ್ನೊಬ್ಬರಿಗೆ ಬಿಟ್ಟುಕೊಡುವ ಮನೆ. ಎರಡು ವರ್ಷದಲ್ಲಿ ಮೂರು ಸಲ ಗಂಟುಮೂಟೆ ಕಟ್ಟಿದೆವು. ಬೆಂಗಳೂರಿನಲ್ಲಾದರೆ ಹೊಸ ಮನೆಗೆ ಹೋದ ದಿನ ಹಾಲುಕ್ಕಿಸುತ್ತಿದ್ದೆ. ಇಲ್ಲಿ ಮೂರನೇ ಸಲ ಅದನ್ನೂ ಮಾಡಲಿಲ್ಲ. ಹೇಗೂ ಬಿಡುವ ಮನೆ ತಾನೆ ಅನ್ನಿಸಿತು.

ಆಮೇಲೆ ನಿಧಿ ಬೇಸ್‌ಬಾಲ್ ಕ್ಲಬ್ ಸೇರಿದಳು. ನನಗೆ ನಗು ಬಂತು. ಅಷ್ಟು ವರ್ಷ ಆ ಆಟದ ಟೋಪಿ ಮುಟ್ಟಿದ್ದ ನಾನು ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

ಮೇ ತಿಂಗಳ ಒಂದು ಸಂಜೆ ತಂಡಕ್ಕೆ ಹೊಸ ಅಂಗಿ, ಟೋಪಿ ಬಂದವು. ಕೋಚ್ ಆಂಡರ್ಸ್ ಪೆಟ್ಟಿಗೆ ಬಿಚ್ಚಿ, "ಅಮೆರಿಕದ ದೊಡ್ಡ ತಂಡಗಳಿಗೆ ಮಾಡಿಕೊಡೋ ಕಂಪನಿಯದೇ ಇದು," ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ. ಅಷ್ಟರಲ್ಲಿ ನನ್ನ ಕೈ ಒಂದನ್ನು ತಿರುವಿಯಾಗಿತ್ತು.

"ಕಂಪನಿ ಅಮೆರಿಕದ್ದು. ಹೊಲಿದಿದ್ದು ಬಾಂಗ್ಲಾದೇಶದಲ್ಲಿ," ಎಂದು ಒಳಗಿನ ಲೇಬಲ್ ತೋರಿಸಿದೆ.

ನಮ್ಮಲ್ಲೂ ಹಾಗೇ ಇತ್ತು. ಆಟಗಾರರು ತೊಡುವುದನ್ನು ಅಮೆರಿಕದಲ್ಲೇ ಹೊಲಿಯುತ್ತಾರಂತೆ, ಅಭಿಮಾನಿಗಳು ಕೊಳ್ಳುವುದು ಮಾತ್ರ ನಮ್ಮ ಪಾಲಿಗೆ ಎಂದು ಫ್ಯಾಕ್ಟರಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆಂಡರ್ಸ್ ಲೇಬಲ್ಲನ್ನು ಎರಡು ಸಲ ಓದಿದ. ನಂತರ ನಕ್ಕು, "ನೀವೇ ಹಾಕಿಕೊಂಡು ನೋಡಿ," ಎಂದು ಟೋಪಿ ನನಗೇ ಕೊಟ್ಟ.

ಬೆಂಗಳೂರಿನ ಬಿಸಿಲು ನೆತ್ತಿಗೆ ಬಡಿಯುತ್ತದೆ. ಇಲ್ಲಿನ ಸಂಜೆ ಬಿಸಿಲು ಅಡ್ಡ ಬಂದು ಕಣ್ಣಿಗೇ ಚುಚ್ಚುತ್ತದೆ. ಟೋಪಿ ಹಾಕಿಕೊಂಡೆ, ಕಣ್ಣು ತಂಪಾಯಿತು. ನಿಧಿ ಹೊಡೆದ ಚೆಂಡು ಮೇಲೆದ್ದಿತೆಂದು ತಲೆ ಎತ್ತಿದೆ. ಮೊದಲು ಕಂಡದ್ದು ಪೀಕಿನ, ಅಂದರೆ ಹಣೆಯ ಮುಂದೆ ಚಾಚಿಕೊಂಡ ಭಾಗದ, ಕೆಳಗಿನ ಬೂದು ಬಟ್ಟೆ.

ಪೀಣ್ಯದಲ್ಲಿ ಇಂಥದೇ ಬಟ್ಟೆ ಹಿಡಿದುಕೊಂಡು ಒಂದು ದಿನ ನಮ್ಮ ಲೈನಿನ ಟೈಲರ್ ರತ್ನಮ್ಮ ನನ್ನ ಹತ್ತಿರ ಬಂದಿದ್ದರು.

"ಮೇಡಂ, ಪೀಕ್ ಕೆಳ್ಗಿನ ಬಟ್ಟೆ ಶೇಡ್ ಬೇರೆ ಬರ್ತೈತೆ. ಇದು ಹೊಳೀತೈತೆ ನೋಡಿ."

"ಅಲ್ಲಿ ಯಾರು ನೋಡ್ತಾರೆ ರತ್ನಮ್ಮ? ಓಡ್ಸಿ."

ಟೋಪಿ ಕೊಳ್ಳುವ ಕಂಪನಿಯವರು, ಅಂದರೆ ಬೈಯರ್, ನೋಡಿದರು. ಇಡೀ ಲಾಟ್ ವಾಪಸ್ ಬಂತು. ಯಾರು ಬಿಟ್ಟಿದ್ದು ಎಂದು ಮ್ಯಾನೇಜರ್ ಕೇಳಿದಾಗ ನಾನು ನೆಲ ನೋಡಿದೆ. ರತ್ನಮ್ಮನನ್ನು ಮಿಷನ್‌ನಿಂದ ಎಬ್ಬಿಸಿ ಹೆಲ್ಪರ್‌ಗಳ ಜೊತೆ ದಾರ ಕತ್ತರಿಸಲು ಕೂರಿಸಿದರು. ತಿಂಗಳೊಳಗೆ ಅವರು ಕೆಲಸ ಬಿಟ್ಟರು. ಬೈಯರ್‌ಗೆ ಹುಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಲ್ಲಿ ನೋಡುವವರು ಯಾರೆಂದು ಈಗ ಗೊತ್ತಾಯಿತು. ಟೋಪಿ ಹಾಕಿಕೊಂಡವರು. ಅವರ ಕಣ್ಣೆದುರು ಆಟ ಮುಗಿಯುವವರೆಗೂ ಇರುವುದು ಆ ಬಟ್ಟೆಯೇ. ಉಳಿದ ಮಕ್ಕಳ ಅಮ್ಮಂದಿರು ಫೀಕಾಕ್ಕೆ ಕರೆದರು. ಫೀಕಾ ಎಂದರೆ ಕಾಫಿ ಹಿಡಿದು ಹರಟುವ ಬಿಡುವು. ನನಗೆ ಕೂರಲಾಗಲಿಲ್ಲ. ಮೈದಾನದ ಸುತ್ತ ನಡೆಯುತ್ತಲೇ ಇದ್ದೆ. ನಾಚಿಕೆಯಾಗಿತ್ತು.

ಹಳೆಯ ಗೆಳತಿಯಿಂದ ನಂಬರ್ ಪಡೆದು ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ. ರತ್ನಮ್ಮ ಈಗ ಲಗ್ಗೆರೆಯ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ.

"ಅವತ್ತು ಓಡ್ಸಿ ಅಂದವಳು ನಾನು ರತ್ನಮ್ಮ. ತಪ್ಪು ನಂದು."

ಆ ಕಡೆ ಮಿಷನ್ ಸದ್ದು ನಿಂತಿತು.

"ಗೊತ್ತು ಮೇಡಂ. ಲೈನ್‌ನಾಗೆ ಎಲ್ರಿಗೂ ಗೊತ್ತಿತ್ತು. ಮ್ಯಾನೇಜರ್‌ಗೊಬ್ರಿಗೇ ಗೊತ್ತಿರ್ಲಿಲ್ಲ."

ಆಮೇಲೆ ರತ್ನಮ್ಮನೇ ಕೇಳಿದರು: "ಆ ಟೋಪಿ ಹಾಕ್ಕೊಂಡು ಏನಾಡ್ತಾರೆ ಅಲ್ಲಿನವ್ರು?"

ಚೆಂಡು ಸೂರ್ಯನ ಕಡೆಗೇ ಏರುತ್ತದೆ, ಕೆಳಗಿರುವವರು ಕಣ್ಣು ಮಿಟುಕಿಸದೆ ಹಿಡಿಯಬೇಕು ಎಂದು ಹೇಳಿದೆ.

"ಹಂಗಾದ್ರೆ ಹೊಳೀಬಾರ್ದು," ಅಂದರು ರತ್ನಮ್ಮ. ಮತ್ತೆ ಮಿಷನ್ ತುಳಿಯುತ್ತಾ, "ಅವತ್ತು ಯಾರಾದ್ರೂ ಅಷ್ಟು ಹೇಳಿದ್ರೆ ಸಾಕಿತ್ತು ಮೇಡಂ ನಮ್ಗೆ," ಅಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಈಗ ಕ್ಲಬ್ಬಿನ ಹರಿದ ಅಂಗಿಗಳು ಹೊಲಿಗೆಗೆಂದು ನನ್ನ ಮನೆಗೇ ಬರುತ್ತವೆ. ಪೀಣ್ಯದಿಂದಲೂ ಮತ್ತೆ ಕೆಲಸಕ್ಕೆ ಬನ್ನಿ ಎಂದು ಮೇಲ್ ಬಂದಿದೆ. ಉತ್ತರ ಬರೆದಿಲ್ಲ. ಬುಧವಾರ ಸಂಜೆ ಆ ಟೋಪಿ ಹಾಕಿಕೊಂಡು ಮೈದಾನಕ್ಕೆ ಹೋಗುತ್ತೇನೆ. ಟೋಪಿಯ ಮುಂದೆ ಹೊಲಿದಿರುವ ಈ ಊರಿನ ಹೆಸರಿನ ಅಕ್ಷರ ನೋಡಿ ಜನ ಸ್ವೀಡಿಷ್‌ನಲ್ಲೇ ಮಾತಾಡಿಸುತ್ತಾರೆ. ನಾನೂ ತಡವರಿಸುತ್ತಾ ಉತ್ತರಿಸುತ್ತೇನೆ. ಅವರಿಗೆ ಕಾಣುವುದು ಆ ಅಕ್ಷರ. ಕಣ್ಣೆತ್ತಿದರೆ ನನಗೆ ಕಾಣುವುದು ರತ್ನಮ್ಮ ಎತ್ತಿ ಹಿಡಿದಿದ್ದ ಬೂದು ಬಟ್ಟೆ.