ಕಾಕುವಿನ ರಟ್ಟಿನ ಚಿತ್ರಗಳು

ಮೊನ್ನೆ ಸೊಸೆ ಹೊಸ ಕೈಮಗ್ಗದ ಸೀರೆ ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಡಿದು, ಎಷ್ಟೋ ಕಾಲದ ಹಿಂದಿನ ಸಿಟ್ಟು ಸೀದಾ ನೆತ್ತಿಗೇರಿತು. ಅವಳಿಗೇನು ಗೊತ್ತು, "ಕಲರ್ ಇಷ್ಟ ಆಗಲಿಲ್ವಾ ಅತ್ತೆ?" ಎಂದಳು.

ಸಿಟ್ಟು ಗಜೇಂದ್ರಗಡದ ನಮ್ಮ ಪಕ್ಕದ ಮನೆಯ ಕಾಕುವಿನ ಮೇಲೆ. ಅವರ ಗಂಡ ಕಾಕಾ ಮಗ್ಗಕ್ಕೆ ಕೂತರೆ, ಕಾಕು ಬೆಳಗಿನಿಂದ ರಾಟೆಯ ಮುಂದೆ ಕೂತು ನೂಲು ಸುತ್ತಿಕೊಡಬೇಕು. ನಡುನಡುವೆ ರೊಟ್ಟಿ, ನೀರು, ಎಮ್ಮೆ. ಇದರ ಸಂದಿಯಲ್ಲೇ ಚಿತ್ರ! ನೂಲಿಗೆ ಹಾಕಿ ಉಳಿದ ಬಣ್ಣ, ಕುಂಚಕ್ಕೆ ಜೋಳದ ದಂಟಿನ ಸಿಬಿರು, ಗೇಣಗಲದ ರಟ್ಟು. ಹಗ್ಗ ಹರಿದುಕೊಂಡ ಆಡು, ಮಟಮಟ ಮಧ್ಯಾಹ್ನ ಬಾಯಿ ತೆರೆದು ಮಲಗಿದ ಹೆಂಗಸು… ಕಾಕಾ ಕರೆದರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಮುಗಿಸಿದ್ದೂ ಮಾಯವಾಗುತ್ತಿತ್ತು. ಕೇಳಿದರೆ "ಹೋತವ್ವಾ" ಎಂದಷ್ಟೇ ಉತ್ತರ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಹುಬ್ಬಳ್ಳಿಯ ನಮ್ಮ ಕಾನ್ವೆಂಟಿನಲ್ಲಿ ಆಗಸ್ಟ್ ಹದಿನೈದಕ್ಕೆ 'ಫ್ರೀಡಂ' ಎಂಬ ಎಕ್ಸಿಬಿಷನ್. ನಿಮ್ಮ ನಿಮ್ಮ ಊರಿನಿಂದ ಚಿತ್ರ ತನ್ನಿ ಎಂದಿದ್ದರು ಮದರ್. ನಾಗರಪಂಚಮಿ ರಜೆಗೆ ಊರಿಗೆ ಬಂದವಳೇ ಕಾಕುವಿನ ಬೆನ್ನು ಹತ್ತಿದೆ. ದಿನಾ ಕಾಡಿ ಒಂದನ್ನು ಪೂರ್ತಿ ಮಾಡಿಸಿದೆ. ಜೋಕಾಲಿ ಜೀಕುತ್ತ ಮುಗಿಲಿಗೇ ಹೋದ ಹೆಂಗಸು. ಕೆಳಗೆ ಕಡಲೆಯಷ್ಟು ಸಣ್ಣ ರಾಟೆ.

"ಝಂಡಾ ಎಲ್ಲೈತ್ರಿ ಕಾಕು?" ಎಂದೆ.

"ಅದು ಸಾಲಿ ಮ್ಯಾಲ ಐತಲ್ಲ ಬೇ. ಅಲ್ಲೂ ಹಾರತೈತಿ, ಇಲ್ಲೂ ಹಾರಬೇಕ?"

ಹೋಗಲಿ ಎಂದು ಖಾಲಿ ಫ್ರೇಮ್ ಒಂದನ್ನು ಹೊಂದಿಸಿ ಟ್ರಂಕಿನಲ್ಲಿಟ್ಟೆ; ಚಿತ್ರ ಒಣಗಲೆಂದು ಕಾಕುವಿನ ಮನೆಯಲ್ಲೇ ಇತ್ತು. ಹೊರಡುವ ಬೆಳಿಗ್ಗೆ ಚಿತ್ರ ತರಲು ಹೋದರೆ ನರಗುಂದದ ಅರಿವೆ ವ್ಯಾಪಾರಿ ಬಾಗಿಲಲ್ಲಿ, "ಲಗೂ ಮಾಡ್ರಿ, ಬಸ್ ಬಿಡತೈತಿ" ಎನ್ನುತ್ತಿದ್ದ. ಕಾಕು ಸೀರೆ ಮಡಚುತ್ತಿದ್ದರು. ಮಡಿಕೆ ಕುಸಿಯದಂತೆ ಒಳಗೊಂದು ರಟ್ಟು ಇಡುವುದು ರೂಢಿ. ನೋಡನೋಡುತ್ತಲೇ ನನ್ನ ಜೋಕಾಲಿಯ ಹೆಂಗಸನ್ನು ಸೀರೆಯೊಳಗೆ ತೂರಿಸಿ ಗಂಟು ಕಟ್ಟಿಬಿಟ್ಟರು! ವ್ಯಾಪಾರಿ ಗಂಟನ್ನು ಹೆಗಲಿಗೇರಿಸಿ ಓಡಿದ.

"ಕಾಕು! ಅದು ನನಗ ಕೊಟ್ಟಿದ್ರಿ!"

"ರಟ್ಟ ಕಡಿಮಿ ಬಿತ್ತವ್ವಾ."

"ನಮ್ಮ ಮನ್ಯಾಗ ಬೇಕಾದಷ್ಟು ಅದಾವಲ್ರಿ! ಎಕ್ಸಿಬಿಷನ್‌ದಾಗ ನಿಮ್ಮ ಹೆಸರು ಬರ್ತಿತ್ತು…"

ಕಾಕು ಆಗಲೇ ರಾಟೆಗೆ ಕೂತಿದ್ದರು. "ಹೆಸರ ತಗೊಂಡ ಏನ ಮಾಡ್ಲಿ? ಆಕಿನ್ನ ನಿಮ್ಮ ಸಾಲಿ ಗ್ವಾಡಿಗೆ ಮೊಳಿ ಹೊಡದು ಕುಂದ್ರಸ್ತೀರಿ. ನಾ ಕುಂತಿದ್ದ ಸಾಲದೇನ? ತವರು ಮೆಣಸಗಿ ಇಲ್ಲೇ ಐತಿ, ಈ ಪಂಚಮಿಗೂ ಹೋಗಾಕ ಆಗಲಿಲ್ಲ ನನಗ. ಆಕಿಯರ ಹೋಗ್ಲಿ. ಯಾವ ಊರಾಗೋ ಯಾವಾಕಿಯೋ ಸೀರಿ ಬಿಚ್ಚಿ ನೋಡ್ತಾಳ."

ಅಷ್ಟು ವರ್ಷದ ಚಿತ್ರಗಳು ಎಲ್ಲಿ ಹೋದವೆಂದು ಆಗ ಹೊಳೆಯಿತು. ಒಂದಕ್ಕೂ ಸಿಗ್ನೇಚರ್ ಇಲ್ಲ, ಅಡ್ರೆಸ್ ಇಲ್ಲ. ಹಾನೆಸ್ಟ್‌ಲಿ, ಇಂಥವರನ್ನು ಏನು ಮಾಡುವುದು! ನಾನು ಹಾಸ್ಟೆಲಿನಲ್ಲಿ ಒಂದು ಝಂಡಾ ಬರೆದು ಅದೇ ಫ್ರೇಮಿಗೆ ಹಾಕಿ ಕೊಟ್ಟೆ. ಪ್ರೈಜ್ ಬೇರೆ ಬಂತು.

ಕಾಕು ತೀರಿಕೊಂಡು ಎಷ್ಟೋ ಕಾಲವಾಯಿತು. ನಮ್ಮ ಪಕ್ಕದಲ್ಲಿ ಒಬ್ಬರು ಆರ್ಟಿಸ್ಟ್ ಇದ್ದರು ಎಂದರೆ ಮೊಮ್ಮಕ್ಕಳು "ತೋರಿಸಜ್ಜಿ" ಎನ್ನುತ್ತವೆ. ಏನು ತೋರಿಸಲಿ? ಯಾರು ಆ ರಟ್ಟಿನಿಂದ ಒಲೆಗೆ ಗಾಳಿ ಹಾಕಿದರೋ, ಯಾರು ಕೈಯಲ್ಲಿ ಹಿಡಿದು ಕೆಲಸ ಮರೆತು ಕೂತರೋ… ನನಗೊಂದಾದರೂ ಬಿಟ್ಟು ಹೋಗಬಾರದಿತ್ತೇ, ಕಾಕು?