ಗುರಿಕಾರರು ಕುಡಿದ ಚಾ

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಪ್ರಾಯದಲ್ಲಿ ಕೆಂಪು ಕಲ್ಲಿನ ಗೋಡೆ ಕಟ್ಟಿ ಕಟ್ಟಿ ಚರ್ಮ ಸವೆದು, ಬೆರಳು ಹೊಳೆಬದಿಯ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಮೆಷಿನ್ ಅವರನ್ನು ಗುರುತಿಸುತ್ತಲೇ ಇರಲಿಲ್ಲ. ಬೆರಳನ್ನು ಪಂಚೆಗೆ ಒರೆಸಿ ಒತ್ತಿದರೂ ಇಲ್ಲ, ಒದ್ದೆ ಮಾಡಿ ಒತ್ತಿದರೂ ಇಲ್ಲ. ಹಿಂದೆ ನಿಂತವರು ಗೊಣಗಿದರೆ, "ಅದಕ್ಕೆ ನನ್ನ ಮೇಲೆ ನಂಬಿಕೆ ಇಲ್ಲ ಮಾರಾಯ. ನನಗೂ ಅದರ ಮೇಲೆ ಇಲ್ಲ. ಅಲ್ಲಿಗೆ ಸರಿಯಾಯ್ತಲ್ಲ" ಎಂದು ನಗುತ್ತಿದ್ದರು.

ಪುತ್ತಿಗೆಯ ಕಡೆ ನಮ್ಮವರ ಮನೆಗಳಿಗೆಲ್ಲ ಅವರು ಗುರಿಕಾರರು. ಗುರಿಕಾರರೆಂದರೆ ಸಂಬಳ, ಕುರ್ಚಿ ಯಾವುದೂ ಇಲ್ಲದ ಹಿರಿತನ. ಮದುವೆಯಾಗಲಿ ಸಾವಾಗಲಿ, ಮೊದಲು ಅವರಿಗೆ ಹೋಗಿ ಹೇಳಬೇಕು. ಅವರು ಬಂದು ನಿಂತ ಮೇಲೆಯೇ ಮುಂದಿನ ಕೆಲಸ. ಸಾವು ಹೇಳಲಿಕ್ಕೂ ಒಂದು ಕ್ರಮ ಉಂಟು. ಹೇಳಲು ಬಂದವನು ಅಂಗಳದಲ್ಲಿ ನಿಲ್ಲುತ್ತಾನೆ, ಮೆಟ್ಟಿಲು ಹತ್ತುವುದಿಲ್ಲ, ನೀರು ಕುಡಿಯುವುದಿಲ್ಲ. ಹೇಳಿ, ಹಾಗೆಯೇ ತಿರುಗಿ ಹೋಗುತ್ತಾನೆ. ಸತ್ತ ಮನೆಯಲ್ಲಿ ಹೆಣ ಹೊರಡುವವರೆಗೆ ಒಲೆ ಉರಿಯುವುದಿಲ್ಲ. ಅಂಗಳದ ಬದಿಯ ಮಾವಿನ ಮರಕ್ಕೆ ಕೊಡಲಿ ಬೀಳುತ್ತದೆ, ಚಿತೆಗೆ.

ಯಾರಾದರೂ ಬಂದು ಒಂದು ಸುದ್ದಿ ಹೇಳಿದರೆ ಸಾಕು, ಅವರ ಪ್ರಶ್ನೆ ತಯಾರಿರುತ್ತಿತ್ತು. "ಏರ್ ತೂಯಿನಿ?" ಅಂದರೆ, ನೋಡಿದ್ದು ಯಾರು? ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಆ ಪ್ರಶ್ನೆ ಮಾತ್ರ ನನ್ನ ಕಿವಿಯಲ್ಲಿ ತುಳುವಿನಲ್ಲೇ ಉಳಿದಿದೆ. ಪೇಟೆಯಲ್ಲಿ ಹಾಗಂತೆ, ಬೆಳ್ತಂಗಡಿಯಲ್ಲಿ ಹೀಗಂತೆ ಎಂದು ಉಸಿರು ಬಿಡದೆ ಓಡಿ ಬಂದವರು ಆ ಪ್ರಶ್ನೆ ಕೇಳಿ ಬಂದ ದಾರಿ ಹಿಡಿಯುತ್ತಿದ್ದರು. ನೋಡಿದವರು ಯಾರೂ ಇರುತ್ತಿರಲಿಲ್ಲ.

ಒಮ್ಮೆ ನನ್ನ ಫೋನನ್ನು ಏಡಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ನೋಡಿದರು. ಯಾರದೋ ಸಾವಿಗೆ ಗ್ರೂಪಿನಲ್ಲಿ ಬಂದ ಮುಗಿದ ಕೈಗಳ ಚಿತ್ರ, ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು.

"ಈ ಕೈಗಳೆಲ್ಲ ಯಾರದ್ದು ಮಗಾ?"

"ನಮ್ಮವರದ್ದೇ ಗುರಿಕಾರರೇ. ದುಃಖ ತಿಳಿಸುವುದು."

"ಎಲ್ಲರ ಕೈಯೂ ಒಂದೇ ನಮೂನೆ ಉಂಟಲ್ಲ. ಇದರಲ್ಲಿ ಹೆಣಕ್ಕೆ ಹೆಗಲು ಕೊಡುವ ಕೈ ಯಾವುದು? ಅದೊಂದು ತೋರಿಸು."

ನಾನು ಫೋನ್ ಕಿತ್ತುಕೊಂಡೆ. ಈ ಮುದುಕರ ಹತ್ತಿರ ವಾದ ಮಾಡಿ ಗೆದ್ದವರುಂಟೇ!

ದುಬೈಯಲ್ಲಿದ್ದ ಅವರ ಮಗಳು ವೀಡಿಯೋ ಕಾಲ್ ಮಾಡಿದರೂ ಅದೇ ಸಂಶಯ. "ಎಡಗಿವಿ ಹಿಡಿ ನೋಡುವ" ಎನ್ನುತ್ತಿದ್ದರು. ಅವಳು ಪಾಪ, ಆಫೀಸಿನ ಮಧ್ಯದಲ್ಲಿ ಕಿವಿ ಹಿಡಿದು ತೋರಿಸಬೇಕು. ಆಮೇಲೆಯೇ "ಹಾಂ, ನೀನೇ. ಊಟ ಆಯ್ತಾ?" ಎಂಬ ಮಾತು. ಆಗ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಈಗ ಮೂಡುಬಿದಿರೆಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮಕ್ಕಳು, ಯಾರ ಮುಖಕ್ಕೆ ಬೇಕಾದರೂ ಯಾರ ಮಾತನ್ನು ಬೇಕಾದರೂ ಅಂಟಿಸಿ ತೋರಿಸುತ್ತಾರೆ. ನನಗೆ ನಗು ಬರುವುದಿಲ್ಲ. ಎದುರಿಗಿದ್ದವರಿಗೂ ಕಿವಿ ಹಿಡಿ ಎನ್ನಬೇಕೆನಿಸುತ್ತದೆ.

ಇನ್ನು ಅವರು ಆ ಚಾ ಕುಡಿದ ದಿನದ ಮಾತು.

ಅಪ್ಪ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಅಣ್ಣ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಅಮ್ಮ ಮತ್ತು ನಾನು. "ಅಪ್ಪ ಐಸಿಯುನಲ್ಲಿದ್ದಾರೆ, ಪ್ರಾರ್ಥನೆ ಮಾಡಿ" ಎಂದು ಅಣ್ಣ ಕುಟುಂಬದ ಗ್ರೂಪಿಗೆ ಬರೆದ. ಮಧ್ಯಾಹ್ನದ ಹೊತ್ತಿಗೆ ಅದೇ ಗ್ರೂಪಿನಲ್ಲಿ ಅಪ್ಪನ ಫೋಟೋ ಬಂತು. ಅಣ್ಣನ ಮದುವೆಯಲ್ಲಿ ತೆಗೆದದ್ದು. ಪಕ್ಕದಲ್ಲಿದ್ದ ಅಮ್ಮನನ್ನು ಕತ್ತರಿಸಿ, ಎರಡು ಕಡೆ ದೀಪ, ಮೇಲೊಂದು ಹಾರ ಕೂಡಿಸಿದ್ದರು. ಕೆಳಗೆ "ಓಂ ಶಾಂತಿ". ಅದರ ಬೆನ್ನಿಗೇ ಮುಂಬೈಯಿಂದ, ಮಸ್ಕತ್ತಿನಿಂದ, ಬಂಟ್ವಾಳದಿಂದ ಕೈಗಳು, ಕೈಗಳು, ಕೈಗಳು.

ಅಣ್ಣನ ಫೋನ್ ಸ್ವಿಚ್ ಆಫ್. ಆಸ್ಪತ್ರೆಯ ನಂಬರಿಗೆ ಮಾಡಿದರೆ, ಕನ್ನಡಕ್ಕೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ ಎಂದು ಒಂದು ಹೆಂಗಸಿನ ದನಿ. ಒತ್ತಿದೆ. ಸಂಗೀತ ಬಂತು. ನಾನು ಸಂಗೀತ ಕೇಳುತ್ತಾ ಅಳುತ್ತಿದ್ದೆ. ಆ ದನಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅಷ್ಟರಲ್ಲಿ ಅಂಗಳ ತುಂಬಿತು. ಅಮ್ಮನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದು ಬೇಕಾಗಲೂ ಇಲ್ಲ. ಪಕ್ಕದ ಮನೆಯ ಅಕ್ಕ ಒಳಗೆ ಹೋಗಿ, ಬೇಯುತ್ತಿದ್ದ ಅನ್ನವನ್ನು ಕೆಳಗಿಳಿಸಿ ಒಲೆಗೆ ನೀರು ಹಾಕಿದರು. ಅಮ್ಮ ಅದನ್ನು ನೋಡಿ ಬಾಗಿಲಿನ ಬದಿಯಲ್ಲಿ ಕುಸಿದು ಕೂತರು. ಚಿಕ್ಕಪ್ಪ ಮರ ಕೊಯ್ಯುವ ಮೆಷಿನಿನವರನ್ನು ಕರೆಸಿಯೇ ಬಿಟ್ಟಿದ್ದರು. ಅಪ್ಪನೇ ನೆಟ್ಟ ಮಾವಿನ ಮರದ ಬುಡದಲ್ಲಿ ಮೆಷಿನ್ ಗುರ್ರೆಂದಿತು.

ಆಗ ಗುರಿಕಾರರು ಬಂದರು.

"ನಿಲ್ಲಿಸಿ ಅದನ್ನು. ಯಾರು ಬಂದು ಹೇಳಿದ್ದು?"

"ಗ್ರೂಪಿನಲ್ಲಿ ಬಂದಿದೆ" ಎಂದರು ಚಿಕ್ಕಪ್ಪ. "ಫೋಟೋ ಸಮೇತ."

"ಗ್ರೂಪಿಗೆ ಯಾರು ಬಂದು ಹೇಳಿದ್ದು?"

ಚಿಕ್ಕಪ್ಪ ಫೋನಿನಲ್ಲಿ ಹುಡುಕಿದರು. ಇವರಿಗೆ ಅವರು ಕಳಿಸಿದ್ದು, ಅವರಿಗೆ ಇನ್ಯಾರೋ. ಬುಡ ಸಿಗಲಿಲ್ಲ.

"ನಿನ್ನ ಅಣ್ಣ ಮಾತಾಡಿದ್ದಾನಾ?" ನನ್ನ ಕಡೆ ತಿರುಗಿದರು. ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದರೆ ನನಗೆ ಸುದ್ದಿ ಬರಲಿಲ್ಲ. ಮರ ಮುಟ್ಟಬೇಡಿ."

"ಕತ್ತಲಾದ ಮೇಲೆ ಹೆಣ ಬಂದರೆ ಆಗ ಸೌದೆಗೆ ಓಡುವುದಾ?" ಚಿಕ್ಕಪ್ಪನ ದನಿ ಏರಿತು.

"ಹೆಣ ಬರಲಿ. ಮೊದಲ ಪೆಟ್ಟು ನಾನೇ ಹಾಕ್ತೇನೆ." ಹಾಗೆಂದು ಆ ಮರದ ಬೇರಿನ ಮೇಲೆಯೇ ಕೂತುಬಿಟ್ಟರು. ಕೂತು, ಬಾಗಿಲ ಕಡೆ ನೋಡಿ ಕರೆದರು: "ತಂಗೀ, ಒಲೆ ಹಚ್ಚು. ನನಗೊಂದು ಚಾ ಬೇಕು."

ಸಾವಿನ ಮನೆಯಲ್ಲಿ ಗುರಿಕಾರರು ಚಾ ಕೇಳುವುದೇ! "ನಿಮಗೆ ತಲೆ ಸರಿ ಉಂಟಾ?" ಎಂದೇ ಕೇಳಿದರು ಚಿಕ್ಕಪ್ಪ.

"ಸಾವಿನ ಮನೆ ಅಂತ ನೀವು ಹೇಳ್ತೀರಿ. ನಾನು ಹೇಳಲಿಲ್ಲ."

ಅಮ್ಮ ಎದ್ದರು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಒದ್ದೆ ಸೌದೆ ತೆಗೆದು ಒಣಗಿದ್ದು ಇಟ್ಟರು. ಬೆಂಕಿ ಹತ್ತುವಾಗ ಅವರ ಮುಖದಲ್ಲಿ ಒಂದಿಷ್ಟು ಜೀವ ಬಂದದ್ದನ್ನು ನಾನು ನೋಡಿದೆ. ಕೆಲಸವೊಂದು ಸಿಕ್ಕಿತ್ತು, ಗಂಡ ಬದುಕಿದ್ದಾನೆಂದು ತೋರಿಸುವ ಕೆಲಸ.

ಲೋಟ ಒಯ್ದು ಕೊಟ್ಟದ್ದು ನಾನು. ತೆಗೆದುಕೊಳ್ಳುವ ಮೊದಲು ಆ ನುಣ್ಣಗಿನ ಬೆರಳನ್ನು ಪಂಚೆಗೆ ಮತ್ತೆ ಮತ್ತೆ ಒರೆಸಿಕೊಂಡರು, ಕಣ್ಣು ದಾರಿಯ ಮೇಲೆಯೇ. ಅಯ್ಯೋ ದೇವರೇ, ಇವರಿಗೂ ಹೆದರಿಕೆ ಉಂಟು ಎಂದು ಆಗ ಗೊತ್ತಾಯಿತು. ಸುದ್ದಿ ನಿಜವಾಗಿದ್ದರೆ ಊರು ಅವರನ್ನು ಬಿಡುತ್ತಿರಲಿಲ್ಲ. ಹೆಣ ಬರುವ ಮೊದಲು ಚಾ ಕುಡಿದ ಗುರಿಕಾರರನ್ನು ಮತ್ತೆ ಯಾವ ಮನೆಯವರು ಕರೆಯುತ್ತಾರೆ? ಎಲ್ಲರೂ ನೋಡುತ್ತಿದ್ದಂತೆ ಅವರು ಚಾವನ್ನು ಕೊನೆಯ ಗುಟುಕಿನವರೆಗೆ ಕುಡಿದರು.

"ಸಕ್ಕರೆ ಕಮ್ಮಿಯಾಯ್ತು" ಎಂದರು.

ಸಂಜೆ ಯಾರದೋ ಫೋನಿನಿಂದ ಅಣ್ಣ ಮಾತಾಡಿದ. ಅವನ ಫೋನಿನ ಚಾರ್ಜ್ ಮುಗಿದಿತ್ತು, ಅಷ್ಟೇ. ಅಪ್ಪ ಕಣ್ಣು ಬಿಟ್ಟಿದ್ದರು, ನೀರು ಕೇಳಿದ್ದರು. ಗ್ರೂಪಿನಲ್ಲಿ ಓಂ ಶಾಂತಿಗಳೆಲ್ಲ ಒಂದೊಂದಾಗಿ ಅಳಿಸಿಹೋದವು. ಅಳಿಸಿದವರೇ "ದೇವರು ದೊಡ್ಡವನು" ಎಂದು ಬರೆದು ಮತ್ತೆ ಅದೇ ಕೈಗಳನ್ನು ಹಾಕಿದರು. ಮೊದಲು ಆ ಫೋಟೋ ಮಾಡಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ನಾನು ಒಬ್ಬೊಬ್ಬರ ಮುಖ ನೋಡುತ್ತೇನೆ: ಇವರಿರಬಹುದೇ? ಅಮ್ಮನನ್ನು ಕತ್ತರಿಸಿ ತೆಗೆದ ಕೈ ಈಗ ನನಗೆ ಉಪ್ಪಿನಕಾಯಿ ದಾಟಿಸುತ್ತಿದೆಯೇ?

ಎಲ್ಲರೂ ಕಣ್ಣೊರೆಸಿಕೊಂಡು ನಗುತ್ತಿದ್ದರೆ ಗುರಿಕಾರರು ಮಾತ್ರ ನಗಲಿಲ್ಲ. "ಇದೂ ಫೋನಿನಲ್ಲೇ ಬಂದದ್ದಲ್ವಾ?" ಎಂದರು. ಮರುದಿನ ಮೊದಲ ಬಸ್ಸಿಗೆ ಮಂಗಳೂರಿಗೆ ಹೋದರು. ಐಸಿಯು ಬಾಗಿಲಲ್ಲಿ ಕಾದು ನಿಂತು, ಗಾಜಿನಾಚೆಯಿಂದ ಅಪ್ಪನಿಗೆ ಕಿವಿ ಹಿಡಿಯಲು ಸನ್ನೆ ಮಾಡಿದರಂತೆ. ಅಪ್ಪ ಕೈಯೆತ್ತಲಾರದೆ ಒಂದು ಬೆರಳು ಆಡಿಸಿದರಂತೆ. ಅವರು ವಾಪಸು ಬರುವಾಗ ಅಮ್ಮ ಕಂಬ ಹಿಡಿದು ನಿಂತಿದ್ದರು. ಗುರಿಕಾರರು ಅಂಗಳದಲ್ಲಿ ನಿಲ್ಲಲೇ ಇಲ್ಲ, ದಡದಡ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತರು. "ಇದ್ದಾನೆ. ನಾನು ನೋಡಿದೆ." ಅಮ್ಮ ಅವತ್ತು ರಾತ್ರಿಯೇ ಮೊದಲ ತುತ್ತು ಉಂಡದ್ದು.

ಅಪ್ಪ ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡರು. ಆ ಮರದ ಮಾವನ್ನು ಪ್ರತಿ ಬೇಸಗೆಯಲ್ಲೂ ತಿಂದರು. ಮೊದಲ ಬುಟ್ಟಿ ಯಾರ ಮನೆಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ ಗ್ರೂಪಿನಲ್ಲಿ ಮತ್ತೆ ಎರಡು ದೀಪ, ಒಂದು ಹಾರ. ನಡುವೆ ಗುರಿಕಾರರು, ಬಾಯಿ ತುಂಬ ನಗುತ್ತಾ. ನಾನು ಅಪ್ಪನಿಗೆ ತೋರಿಸಿದೆ.

"ಯಾರು ಬಂದು ಹೇಳಿದ್ದು?"

"ಯಾರೂ ಬರಲಿಲ್ಲ ಅಪ್ಪ."

"ಹಾಗಾದರೆ ಚಾ ಇಡಲಿಕ್ಕೆ ಹೇಳು ಅಮ್ಮನಿಗೆ."

ಗುರಿಕಾರರ ಮನೆಯ ನಂಬರು ನನ್ನ ಫೋನಿನಲ್ಲೇ ಇತ್ತು. ಒತ್ತಲಿಲ್ಲ. ಜೀವನದಲ್ಲಿ ಮೊದಲ ಸಲ, ಫೋನ್ ಹೇಳುವುದೆಲ್ಲ ಸುಳ್ಳೇ ಆಗಿರಲಿ ಎಂದು ಬೇಡಿಕೊಂಡೆ. ಅಮ್ಮ ಚಾ ತಂದರು, ಸಕ್ಕರೆ ಜಾಸ್ತಿ ಹಾಕಿ. ಮೂವರೂ ಜಗಲಿಯಲ್ಲಿ ಕೂತು ದಾರಿ ನೋಡಿದೆವು.

ತಿರುವಿನಲ್ಲಿ ಗುರಿಕಾರರ ತಮ್ಮ ಕಂಡರು. ನಡೆದು ಬಂದರು, ಅಂಗಳಕ್ಕೆ ಬಂದರು. "ಮೇಲೆ ಬಾ, ಕೂತುಕೋ" ಎಂದರು ಅಪ್ಪ, ಬೇಡಿಕೊಳ್ಳುವವರ ಹಾಗೆ.

ಅವರು ಮೆಟ್ಟಿಲು ಹತ್ತಲಿಲ್ಲ.

ಅಪ್ಪ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಕೋಲೂರಿ ಎದ್ದು ಮಾವಿನ ಮರದ ಹತ್ತಿರ ಹೋಗಿ, ಅದರ ಮೈಮೇಲೆ ಅಂಗೈ ಇಟ್ಟು ಹೇಳಿದರು:

"ಮೆಷಿನಿನವರನ್ನು ಕರೆಯಿರಿ. ಗುರಿಕಾರರಿಗೆ ಈ ಮರವೇ ಆಗಬೇಕು."